ಓದುಗ, ಪುಸ್ತಕ ಮತ್ತು ಯಂತ್ರದ ಶಿಫಾರಸು: ರಂಗನಾಥನ್ ಸೂತ್ರಗಳ ಬೆಳಕಿನಲ್ಲಿ

1. ಹಿನ್ನೆಲೆ

ಬೆಂಗಳೂರಿನಿಂದ ಕೆಂಗೇರಿಯ ಕಡೆಗೆ ಸಾಗುವ ಮೈಸೂರು ರಸ್ತೆಯ ಎಂಟನೆಯ ಮೈಲಿಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ. ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್, ಅಂದರೆ ಡಿ.ಆರ್.ಟಿ.ಸಿ., ಈ ಆವರಣದಲ್ಲಿಯೇ ಕೆಲಸ ಮಾಡುತ್ತಿದೆ. ಇದನ್ನು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದವರು ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದರು. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ಇಲ್ಲಿಯೇ ನಿಧನರಾದರು.

ರಂಗನಾಥನ್ ಅವರ ಹೆಸರು ಗ್ರಂಥಾಲಯ ವಿಜ್ಞಾನದ ತರಗತಿಗಳಿಂದ ಆಚೆಗೆ ಹೆಚ್ಚಾಗಿ ಕೇಳಿಬರುವುದಿಲ್ಲ. ಆದರೆ ಅವರು ಎತ್ತಿಕೊಂಡ ಮೂಲ ಪ್ರಶ್ನೆ ಇಂದು ಗಣಕ ವಿಜ್ಞಾನದ ಅತ್ಯಂತ ಲಾಭದಾಯಕ ಪ್ರಶ್ನೆಗಳಲ್ಲೊಂದಾಗಿದೆ. ಅಪಾರವಾದ ಸಂಗ್ರಹವೊಂದರ ಮುಂದೆ ನಿಂತ ವ್ಯಕ್ತಿಗೆ ಯಾವ ವಸ್ತುವನ್ನು ತೋರಿಸಬೇಕು ಎಂಬುದೇ ಆ ಪ್ರಶ್ನೆ. ಅಂತರಜಾಲದ ಅಂಗಡಿ, ಚಲನಚಿತ್ರ ತಾಣ, ಸಂಗೀತ ಸೇವೆ, ವೀಡಿಯೊ ತಾಣ ಇವೆಲ್ಲವೂ ಶಿಫಾರಸು ವ್ಯವಸ್ಥೆಗಳ ಮೂಲಕ ಇದಕ್ಕೆ ಉತ್ತರ ಕೊಡುತ್ತಿವೆ. ರಾಜಾಜಿನಗರದ ಓದುಗರೊಬ್ಬರು ಕನ್ನಡ ಕಾದಂಬರಿಯೊಂದನ್ನು ಅಂತರಜಾಲದಲ್ಲಿ ಹುಡುಕಿದಾಗ ಅದರ ಕೆಳಗೆ ಬೇರೆ ಯಾವ ಪುಸ್ತಕಗಳು ಕಾಣಿಸಿಕೊಳ್ಳುತ್ತವೆ ಎಂಬುದನ್ನು ಈಗ ನಿರ್ಧರಿಸುತ್ತಿರುವುದು ಗ್ರಂಥಪಾಲಕರಲ್ಲ, ಅಂಗಡಿಯವರೂ ಅಲ್ಲ, ಒಂದು ಲೆಕ್ಕಾಚಾರ.

ಈ ಲೆಕ್ಕಾಚಾರವನ್ನು ಸುಧಾರಿಸುವ ಪ್ರಯತ್ನಗಳು ಬಹುಮಟ್ಟಿಗೆ ಅದರ ನಿಖರತೆಯ ಸುತ್ತಲೇ ನಡೆದಿವೆ. ಬಳಕೆದಾರರು ಮುಂದೆ ಏನನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಹೆಚ್ಚು ಸರಿಯಾಗಿ ಊಹಿಸುವ ಯಂತ್ರವೇ ಉತ್ತಮ ಯಂತ್ರ ಎಂಬುದು ಇಲ್ಲಿಯ ಗ್ರಹಿಕೆ. ಕನ್ನಡದಂತಹ ಭಾಷೆಯ ಓದುಗರ ದೃಷ್ಟಿಯಿಂದ ಈ ಮಾನದಂಡ ಎಷ್ಟರಮಟ್ಟಿಗೆ ಸಾಕಾಗುತ್ತದೆ, ರಂಗನಾಥನ್ ಅವರ ಸೂತ್ರಗಳು ಅದಕ್ಕೆ ಪೂರಕವಾದ ಬೇರೊಂದು ಮಾನದಂಡವನ್ನು ಕೊಡಬಲ್ಲವೇ, ಆ ಸೂತ್ರಗಳ ಮಿತಿಗಳೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2. ಶಿಫಾರಸಿನ ಎರಡು ಮಾರ್ಗಗಳು

ಶಿಫಾರಸು ವ್ಯವಸ್ಥೆಗಳಲ್ಲಿ ಸ್ಥೂಲವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು ವಸ್ತುವಿನ ಗುಣಗಳನ್ನು ಆಧರಿಸಿದ್ದು. ಪುಸ್ತಕದ ವಿಷಯ, ಪ್ರಕಾರ, ಲೇಖಕ, ಭಾಷೆ ಇವುಗಳನ್ನು ನೋಡಿ ಅದನ್ನು ಹೋಲುವ ಮತ್ತೊಂದನ್ನು ಇದು ಸೂಚಿಸುತ್ತದೆ. ಎರಡನೆಯದು ಬಳಕೆದಾರರ ನಡವಳಿಕೆಯನ್ನು ಆಧರಿಸಿದ್ದು. ಇದಕ್ಕೆ ಪುಸ್ತಕದ ಒಳಗೇನಿದೆ ಎಂಬುದು ತಿಳಿದಿರಬೇಕಾಗಿಲ್ಲ. ಇದನ್ನು ಕೊಂಡವರು ಬೇರೆ ಏನನ್ನು ಕೊಂಡರು, ಇದನ್ನು ಮೆಚ್ಚಿದವರು ಮತ್ತೆ ಯಾವುದನ್ನು ಮೆಚ್ಚಿದರು ಎಂಬುದಷ್ಟೇ ಸಾಕು. 1992ರಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರೂಪುಗೊಂಡ ಟ್ಯಾಪೆಸ್ಟ್ರಿ ಎಂಬ ವ್ಯವಸ್ಥೆ ಮತ್ತು 1994ರ ಗ್ರೂಪ್‌ಲೆನ್ಸ್ ಯೋಜನೆ ಈ ಎರಡನೆಯ ಮಾರ್ಗದ ಆರಂಭದ ಮೈಲಿಗಲ್ಲುಗಳು. ಬಳಕೆದಾರರ ಬದಲು ವಸ್ತುಗಳ ನಡುವಣ ಸಾಮೀಪ್ಯವನ್ನು ಲೆಕ್ಕಹಾಕುವ ವಿಧಾನವನ್ನು ಅಮೆಜಾನ್ ಸಂಸ್ಥೆಯ ತಂತ್ರಜ್ಞರು 2003ರ ಪ್ರಬಂಧವೊಂದರಲ್ಲಿ ವಿವರಿಸಿದರು.

ಈ ಕ್ಷೇತ್ರದ ಮಾನದಂಡವನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು ನೆಟ್‌ಫ್ಲಿಕ್ಸ್ ಸಂಸ್ಥೆಯ ಸ್ಪರ್ಧೆ. 2006ರಲ್ಲಿ ಆ ಸಂಸ್ಥೆಯು ತನ್ನ ಲೆಕ್ಕಾಚಾರದ ನಿಖರತೆಯನ್ನು ಶೇಕಡ 10ರಷ್ಟು ಹೆಚ್ಚಿಸಿದವರಿಗೆ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ಘೋಷಿಸಿತು. 4,80,189 ಬಳಕೆದಾರರು 17,770 ಚಿತ್ರಗಳಿಗೆ ಕೊಟ್ಟಿದ್ದ ಹತ್ತು ಕೋಟಿಗೂ ಮಿಗಿಲಾದ ಅಂಕಗಳನ್ನು ಸ್ಪರ್ಧಿಗಳಿಗೆ ಒದಗಿಸಲಾಯಿತು. 2009ರಲ್ಲಿ ಒಂದು ಸಂಯುಕ್ತ ತಂಡ ಬಹುಮಾನವನ್ನು ಗೆದ್ದುಕೊಂಡಿತು. ಆದರೆ ಗೆದ್ದ ಅಂತಿಮ ವಿಧಾನವನ್ನು ತಾನು ಪೂರ್ಣವಾಗಿ ಬಳಕೆಗೆ ತರಲಿಲ್ಲವೆಂದು ಸಂಸ್ಥೆಯೇ 2012ರಲ್ಲಿ ತಿಳಿಸಿತು. ನಿಖರತೆಯಲ್ಲಿ ಸಿಗುತ್ತಿದ್ದ ಹೆಚ್ಚಳವು ಅದಕ್ಕೆ ಬೇಕಾದ ಶ್ರಮಕ್ಕೆ ತಕ್ಕುದಾಗಿ ಕಾಣಲಿಲ್ಲ. ಅಷ್ಟರಲ್ಲಿ ಸಂಸ್ಥೆಯ ವ್ಯವಹಾರವೂ ಅಂಚೆಯ ಮೂಲಕ ಡಿಸ್ಕ್ ಕಳುಹಿಸುವುದರಿಂದ ಅಂತರಜಾಲ ಪ್ರಸಾರದ ಕಡೆಗೆ ಹೊರಳಿತ್ತು. ಅಳೆಯಲು ಸುಲಭವಾದದ್ದನ್ನೇ ಗುರಿಯೆಂದು ಭಾವಿಸಿದಾಗ ಆಗುವ ಪರಿಣಾಮಕ್ಕೆ ಇದೊಂದು ನಿದರ್ಶನ.

ರಂಗನಾಥನ್ ಅವರ ಪಂಚಸೂತ್ರಗಳನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಅವುಗಳಲ್ಲಿ ಮೊದಲನೆಯದು ಪುಸ್ತಕದ ಬಳಕೆಯನ್ನು ಕುರಿತದ್ದು. ಎರಡನೆಯದು ಪ್ರತಿಯೊಬ್ಬ ಓದುಗರ ಅಗತ್ಯವನ್ನೂ ಮೂರನೆಯದು ಪ್ರತಿಯೊಂದು ಪುಸ್ತಕದ ಹಕ್ಕನ್ನೂ ಎತ್ತಿಹಿಡಿಯುತ್ತವೆ. ನಾಲ್ಕನೆಯದು ಓದುಗರ ಸಮಯದ ಉಳಿತಾಯವನ್ನು ಬಯಸುತ್ತದೆ. ಐದನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದು ಕಾಣುತ್ತದೆ. ಇಂದಿನ ಶಿಫಾರಸು ವ್ಯವಸ್ಥೆಗಳು ಎರಡನೆಯ ಸೂತ್ರವನ್ನು ಮಾತ್ರ ಕೈಗೆತ್ತಿಕೊಂಡಿವೆ. ಮೂರನೆಯ ಮತ್ತು ನಾಲ್ಕನೆಯ ಸೂತ್ರಗಳ ಎದುರು ಅವುಗಳನ್ನು ನಿಲ್ಲಿಸಿದಾಗ ಅವುಗಳ ಕೊರತೆ ಸ್ಪಷ್ಟವಾಗುತ್ತದೆ.

3. ಸಾವಿರ ಪ್ರತಿಗಳ ಭಾಷೆ

ಮೂರನೆಯ ಸೂತ್ರದ ಪ್ರಕಾರ ಕಪಾಟಿನಲ್ಲಿರುವ ಪ್ರತಿಯೊಂದು ಪುಸ್ತಕಕ್ಕೂ ತನ್ನ ಓದುಗರನ್ನು ಪಡೆಯುವ ಹಕ್ಕಿದೆ. ಓದುಗರು ಕೇಳಿ ಪಡೆಯುವ ಪುಸ್ತಕದ ವಿಚಾರವಲ್ಲ ಇದು. ಯಾರೂ ಕೇಳದ, ಆದರೆ ಕಂಡರೆ ಬೇಕೆನಿಸಬಹುದಾದ ಪುಸ್ತಕದ ವಿಚಾರ. ಓದುಗರು ತಾವೇ ಕಪಾಟುಗಳ ನಡುವೆ ಓಡಾಡಲು ಅವಕಾಶವಿರುವ ಮುಕ್ತ ಪ್ರವೇಶ ಪದ್ಧತಿಯನ್ನು ರಂಗನಾಥನ್ ಅವರು ಬಲವಾಗಿ ಸಮರ್ಥಿಸಿದ್ದು ಈ ಕಾರಣದಿಂದಲೇ.

ನಡವಳಿಕೆಯನ್ನು ಆಧರಿಸಿದ ಶಿಫಾರಸು ಈ ಹಕ್ಕನ್ನು ಕಾಪಾಡಲಾರದು. ಒಂದು ಸರಳ ಲೆಕ್ಕವನ್ನು ನೋಡಬಹುದು. ನೆಟ್‌ಫ್ಲಿಕ್ಸ್ ಸ್ಪರ್ಧೆಯ ದತ್ತಾಂಶದಲ್ಲಿ ಪ್ರತಿ ಚಿತ್ರಕ್ಕೆ ಸರಾಸರಿ 5,600ಕ್ಕೂ ಹೆಚ್ಚು ಅಂಕಗಳಿದ್ದವು. ಹಾಗಿದ್ದರೂ ಬಳಕೆದಾರರು ಮತ್ತು ಚಿತ್ರಗಳ ಒಟ್ಟು ಕೋಷ್ಟಕದಲ್ಲಿ ತುಂಬಿದ್ದ ಮನೆಗಳು ಶೇಕಡ 1.2ಕ್ಕಿಂತ ಕಡಿಮೆ. ಕನ್ನಡದಲ್ಲಿ ಪುಸ್ತಕವೊಂದರ ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿಗಳದು. ಆ ಸಾವಿರ ಪ್ರತಿಗಳೂ ಅಂತರಜಾಲದಲ್ಲಿಯೇ ಮಾರಾಟವಾಗಿ, ಕೊಂಡ ಪ್ರತಿಯೊಬ್ಬರೂ ತಪ್ಪದೆ ಅಂಕ ಕೊಟ್ಟರೂ ಆ ಸರಾಸರಿಯ ಐದನೆಯ ಒಂದು ಭಾಗವನ್ನು ಅದು ಮುಟ್ಟುವುದಿಲ್ಲ. ವಾಸ್ತವದಲ್ಲಿ ಪ್ರತಿಗಳ ಒಂದು ಪಾಲು ಗ್ರಂಥಾಲಯಗಳಿಗೆ, ಒಂದು ಪಾಲು ಬಿಡುಗಡೆ ಸಮಾರಂಭದ ಮೇಜಿನಿಂದ ಗೆಳೆಯರ ಮನೆಗಳಿಗೆ, ಒಂದು ಪಾಲು ಸಾಹಿತ್ಯ ಸಮ್ಮೇಳನದ ಮಳಿಗೆಗಳಿಗೆ, ರಾಜಾಜಿನಗರದ ಆಕೃತಿಯಂತಹ ಕನ್ನಡ ಪುಸ್ತಕದಂಗಡಿಗಳಿಗೆ ಹೋಗುತ್ತದೆ. ಈ ಓದಿನ ಯಾವ ಗುರುತೂ ಯಂತ್ರಕ್ಕೆ ಸಿಗುವುದಿಲ್ಲ. ಯಂತ್ರದ ದೃಷ್ಟಿಯಲ್ಲಿ ಅಂತಹ ಪುಸ್ತಕ ಯಾರೂ ಓದದ ಪುಸ್ತಕವಾಗಿಯೇ ಉಳಿಯುತ್ತದೆ.

ಕಾಣದ್ದನ್ನು ಯಾರೂ ಕೊಳ್ಳುವುದಿಲ್ಲ. ಕೊಳ್ಳದ್ದನ್ನು ಯಂತ್ರ ತೋರಿಸುವುದಿಲ್ಲ. ಈ ವರ್ತುಲ ಕೇವಲ ತರ್ಕದ ಮಾತಲ್ಲ. ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಮಾಜವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿದರು. ಬೇರೆಯವರು ಯಾವುದನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಎಂಬುದನ್ನು ಕೆಲವು ಗುಂಪುಗಳಿಗೆ ತೋರಿಸಲಾಯಿತು. ಒಂದು ಗುಂಪಿಗೆ ತೋರಿಸಲಿಲ್ಲ. ತೋರಿಸಿದ ಕಡೆ ಜನಪ್ರಿಯ ಹಾಡು ಇನ್ನಷ್ಟು ಜನಪ್ರಿಯವಾಗಿ, ಹಾಡುಗಳ ನಡುವಣ ಅಂತರ ಹಿಗ್ಗಿತು. ಅಷ್ಟೇ ಅಲ್ಲ, ಯಾವ ಹಾಡು ಗೆಲ್ಲುತ್ತದೆ ಎಂಬುದು ಒಂದು ಗುಂಪಿನಿಂದ ಇನ್ನೊಂದಕ್ಕೆ ಬದಲಾಯಿತು. ಜನಪ್ರಿಯತೆಯು ಗುಣದ ಪ್ರತಿಬಿಂಬ ಮಾತ್ರವಲ್ಲ, ಮೊದಲು ಕಂಡದ್ದರ ಫಲವೂ ಹೌದು ಎಂಬುದು ಇದರಿಂದ ಸಿದ್ಧವಾಗುತ್ತದೆ. ಸಣ್ಣ ಮಾರುಕಟ್ಟೆಯ ಭಾಷೆಯಲ್ಲಿ ಈ ಆಕಸ್ಮಿಕದ ಪಾಲು ಮತ್ತಷ್ಟು ಹೆಚ್ಚು. ಹತ್ತು ಜನ ಒಂದೇ ವಾರದಲ್ಲಿ ಕೊಂಡರೆ ಸಾಕು, ಪುಸ್ತಕವೊಂದು ಪಟ್ಟಿಯ ಮೇಲಕ್ಕೇರಿ ಅಲ್ಲಿಯೇ ನಿಲ್ಲಬಹುದು.

ನಡವಳಿಕೆಯನ್ನು ಅಭಿರುಚಿಯೆಂದು ಓದುವುದರಲ್ಲಿ ಇನ್ನೊಂದು ತೊಡಕೂ ಇದೆ. ಬೆಂಗಳೂರಿನ ಪಶ್ಚಿಮ ಭಾಗದ ವಿಜಯನಗರವು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಗೆ ಹೆಸರಾದ ಬಡಾವಣೆ. ಇಲ್ಲಿಯ ಮತ್ತು ಪಕ್ಕದ ಹಂಪಿನಗರದ ಗ್ರಂಥಾಲಯದ ಓದುವ ಮೇಜುಗಳಲ್ಲಿ ಪರೀಕ್ಷೆಗೆ ಸಿದ್ಧರಾಗುವ ಯುವಕ ಯುವತಿಯರ ಸಂಖ್ಯೆ ದೊಡ್ಡದು. ಇಂತಹವರೊಬ್ಬರು ಕರ್ನಾಟಕದ ಇತಿಹಾಸವನ್ನು ಕುರಿತ ಮಾರ್ಗದರ್ಶಿಯನ್ನೂ ಸಾಮಾನ್ಯ ಜ್ಞಾನದ ಕೈಪಿಡಿಯನ್ನೂ ಕೊಳ್ಳುವುದು ಅಭಿರುಚಿಯಿಂದಲ್ಲ, ಅನಿವಾರ್ಯತೆಯಿಂದ. ಪದವಿ ತರಗತಿಗೆ ಪಠ್ಯವಾದ ಕಾದಂಬರಿಯನ್ನು ಕೊಳ್ಳುವವರ ಸಂಗತಿಯೂ ಇದೇ. ಪಠ್ಯವಾದ ಕಾದಂಬರಿ ಮತ್ತು ಅದೇ ವರ್ಷ ಪಠ್ಯವಾದ ವಾಣಿಜ್ಯಶಾಸ್ತ್ರದ ಪುಸ್ತಕ ಒಟ್ಟಿಗೆ ಮಾರಾಟವಾದರೆ ಯಂತ್ರವು ಅವೆರಡನ್ನೂ ಬಂಧುಗಳೆಂದು ಪರಿಗಣಿಸುತ್ತದೆ. ಇದಲ್ಲದೆ ಬಸವೇಶ್ವರನಗರದ ಮನೆಯೊಂದರಲ್ಲಿ ಅಜ್ಜಿ, ಮಗ, ಸೊಸೆ, ಮೊಮ್ಮಗಳು ಒಂದೇ ಖಾತೆಯನ್ನು ಬಳಸುವುದು ಅಪರೂಪವಲ್ಲ. ದೇವರನಾಮ, ಪರೀಕ್ಷೆಯ ಪಾಠ ಮತ್ತು ಮಕ್ಕಳ ಹಾಡು ಸೇರಿ ಯಂತ್ರದಲ್ಲಿ ಒಬ್ಬ ವಿಚಿತ್ರ ವ್ಯಕ್ತಿ ರೂಪುಗೊಳ್ಳುತ್ತಾನೆ. ಆ ವ್ಯಕ್ತಿಗೆ ಕೊಡುವ ಸಲಹೆ ಮನೆಯ ಯಾರೊಬ್ಬರಿಗೂ ಒಗ್ಗುವುದಿಲ್ಲ.

4. ಸಮಯದ ಉಳಿತಾಯ, ಸಮಯದ ಸೆರೆ

ನಾಲ್ಕನೆಯ ಸೂತ್ರದೊಂದಿಗೆ ಇಂದಿನ ವ್ಯವಸ್ಥೆಗಳ ವಿರೋಧ ಇನ್ನೂ ತೀಕ್ಷ್ಣವಾದುದು. ಗ್ರಂಥಾಲಯದ ಸೂಚಿ, ಕಪಾಟಿನ ಜೋಡಣೆ, ಪರಾಮರ್ಶನ ಸೇವೆ ಇವೆಲ್ಲವೂ ಓದುಗರು ಬೇಕಾದದ್ದನ್ನು ಬೇಗ ಪಡೆದು ಹೊರಡಲೆಂದು ರೂಪುಗೊಂಡವು. ಯೂಟ್ಯೂಬ್ 2012ರಲ್ಲಿ ತನ್ನ ಶಿಫಾರಸಿನ ಗುರಿಯನ್ನು ವೀಕ್ಷಣೆಗಳ ಎಣಿಕೆಯಿಂದ ವೀಕ್ಷಿಸಿದ ಸಮಯದ ಕಡೆಗೆ ಬದಲಾಯಿಸಿತು. ಆಕರ್ಷಕ ತಲೆಬರಹದಿಂದ ಜನರನ್ನು ಮೋಸಗೊಳಿಸುವ ವೀಡಿಯೊಗಳನ್ನು ತಡೆಯುವುದು ಇದರ ಒಂದು ಉದ್ದೇಶವಾಗಿತ್ತು. ಅದರಲ್ಲಿ ಅರ್ಥವೂ ಇತ್ತು. ಆದರೆ ಇದರೊಂದಿಗೆ ಬಳಕೆದಾರರ ಸಮಯವು ಉಳಿಸಬೇಕಾದ ವಸ್ತುವಾಗುವುದರ ಬದಲು ಸೆರೆಹಿಡಿಯಬೇಕಾದ ವಸ್ತುವಾಯಿತು. ಜಾಹೀರಾತಿನಿಂದ ಬದುಕುವ ತಾಣಕ್ಕೆ ಓದುಗರು ಉಳಿದುಕೊಂಡಷ್ಟೂ ಲಾಭ. ಸಾರ್ವಜನಿಕ ಗ್ರಂಥಾಲಯಕ್ಕೆ ಓದುಗರು ತೃಪ್ತರಾಗಿ ಹೊರಟಷ್ಟೂ ಗೌರವ. ಒಂದೇ ಗಣಿತ ಈ ಎರಡು ಉದ್ದೇಶಗಳಿಗೂ ಸಲ್ಲುತ್ತದೆ. ಆದ್ದರಿಂದ ದೋಷವನ್ನು ಗಣಿತದಲ್ಲಿ ಹುಡುಕದೆ, ಗಣಿತಕ್ಕೆ ಕೊಟ್ಟ ಗುರಿಯಲ್ಲಿ ಹುಡುಕಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಗಣಿಸಬೇಕು. ಜನ ತಾವಾಗಿಯೇ ನೋಡುತ್ತಿರುವಾಗ ಅವರ ಸಮಯ ಹಾಳಾಯಿತೆಂದು ನಿರ್ಣಯಿಸಲು ಇತರರಿಗೆ ಏನು ಅಧಿಕಾರ ಎಂಬುದೇ ಆ ಆಕ್ಷೇಪ. ರಂಗನಾಥನ್ ಅವರ ಸೂತ್ರ ಇಂತಹ ನಿರ್ಣಯವನ್ನು ಬೇಡುವುದಿಲ್ಲ. ಓದುಗರು ಏನನ್ನು ಓದಬೇಕೆಂಬುದನ್ನು ಅದು ಹೇಳುವುದಿಲ್ಲ. ಓದುಗರು ಬಯಸಿದ್ದು ಮತ್ತು ಓದುಗರಿಗೆ ಸಿಕ್ಕಿದ್ದು ಇವುಗಳ ನಡುವಣ ದಾರಿ ಚಿಕ್ಕದಾಗಿರಬೇಕೆಂದು ಮಾತ್ರ ಹೇಳುತ್ತದೆ. ಹಾಗಾಗಿ ಓದುಗರನ್ನೇ ಕೇಳಿ ತಿಳಿಯುವುದು ಈ ಸೂತ್ರದ ಸಹಜ ವಿಧಾನ. ಪರಾಮರ್ಶನ ಗ್ರಂಥಪಾಲಕರ ಕೆಲಸ ಆರಂಭವಾಗುವುದೇ ಪ್ರಶ್ನೆಯಿಂದ: ಯಾವುದಕ್ಕಾಗಿ ಬೇಕು, ಯಾರಿಗಾಗಿ ಬೇಕು, ಈ ಮೊದಲು ಏನನ್ನು ಓದಿದ್ದೀರಿ. ಯಂತ್ರವು ಈ ಪ್ರಶ್ನೆಗಳನ್ನು ಕೇಳದೆ ಬೆರಳಿನ ಚಲನೆಯಿಂದಲೇ ಉತ್ತರವನ್ನು ಊಹಿಸುತ್ತದೆ.

5. ವರ್ಗೀಕರಣದ ಮಿತಿ

ಇಷ್ಟರಿಂದ ನಡವಳಿಕೆಯ ಮಾರ್ಗವನ್ನು ಬಿಟ್ಟು ವರ್ಗೀಕರಣದ ಮಾರ್ಗವನ್ನು ಹಿಡಿದರೆ ಸಾಕೆಂದು ತೀರ್ಮಾನಿಸುವಂತಿಲ್ಲ. ರಂಗನಾಥನ್ ಅವರ ಸ್ವಂತ ಪದ್ಧತಿಯೇ ಕನ್ನಡ ಸಾಹಿತ್ಯದ ವಿಷಯದಲ್ಲಿ ಸೋಲುತ್ತದೆ ಎಂಬುದನ್ನು ಗಮನಿಸಬೇಕು.

ಪುಸ್ತಕದ ವಿಷಯವನ್ನು ಒಂದೇ ಪೆಟ್ಟಿಗೆಯಲ್ಲಿ ಇಡದೆ ಅದರ ಹಲವು ಮುಖಗಳನ್ನು ಬಿಡಿಸಿ ನೋಡುವುದು ಕೋಲನ್ ವರ್ಗೀಕರಣದ ವೈಶಿಷ್ಟ್ಯ. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ವಿಭಾಗಗಳಿಂದ ವಿಷಯವನ್ನು ಕಟ್ಟಲಾಗುತ್ತದೆ. ಹೀಗೆ ಕಟ್ಟಿದ ಸಂಖ್ಯೆಗಳ ಕ್ರಮದಲ್ಲಿ ಪುಸ್ತಕಗಳನ್ನು ಜೋಡಿಸಿದಾಗ ಕಪಾಟಿನ ಮೇಲೆ ಒಂದು ವಿನ್ಯಾಸ ಮೂಡುತ್ತದೆ. ಓದುಗರ ಆಸಕ್ತಿಯ ಕೇಂದ್ರದಲ್ಲಿರುವ ಪುಸ್ತಕಗಳು ದಟ್ಟ ನೆರಳಿನಂತೆ ನಡುವೆ ನಿಲ್ಲುತ್ತವೆ. ಅವುಗಳ ಎರಡು ಪಕ್ಕಗಳಲ್ಲಿ ಭಾಗಶಃ ಸಂಬಂಧಪಟ್ಟವು ಅರೆನೆರಳಿನಂತೆ ಹರಡಿಕೊಳ್ಳುತ್ತವೆ. ಅದರಾಚೆಗೆ ಅನ್ಯ ವಿಷಯಗಳು ಬರುತ್ತವೆ. ಇಂಗ್ಲಿಷ್ ಮೊದಲಕ್ಷರಗಳಿಂದ ಇದನ್ನು ಎಪಿಯುಪಿಎ ವಿನ್ಯಾಸ ಎನ್ನಲಾಗುತ್ತದೆ. ಶಿಫಾರಸಿನ ದೃಷ್ಟಿಯಿಂದ ಇದು ಮಹತ್ವದ ಕಲ್ಪನೆ. ಇಂದಿನ ಯಂತ್ರಗಳು ಕೇಂದ್ರದ ದಟ್ಟ ನೆರಳನ್ನೇ ಮತ್ತೆ ಮತ್ತೆ ತೋರಿಸುತ್ತವೆ. ಓದುಗರ ಕುತೂಹಲ ಬೆಳೆಯುವುದು ಅರೆನೆರಳಿನಲ್ಲಿ.

ಆದರೆ ಸಾಹಿತ್ಯಕ್ಕೆ ಬಂದಾಗ ಕೋಲನ್ ವರ್ಗೀಕರಣವು ಭಾಷೆ, ಪ್ರಕಾರ, ಲೇಖಕ ಮತ್ತು ಕೃತಿ ಎಂಬ ಮುಖಗಳನ್ನು ಮಾತ್ರ ಬಳಸುತ್ತದೆ. ಲೇಖಕರನ್ನು ಗುರುತಿಸುವುದು ಅವರು ಹುಟ್ಟಿದ ವರ್ಷದಿಂದ. ಶಿವರಾಮ ಕಾರಂತರ 'ಚೋಮನ ದುಡಿ' (1933) ಕಾದಂಬರಿಯನ್ನು ಈ ಕ್ರಮದಲ್ಲಿ ಇಟ್ಟರೆ, 1902ರಲ್ಲಿ ಹುಟ್ಟಿದ ಕಾರಂತರ ಪಕ್ಕದಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಕಾದಂಬರಿಗಳು ನಿಲ್ಲುತ್ತವೆ. ಭೂಮಿಯ ಒಡೆತನಕ್ಕೆ ಹಂಬಲಿಸುವ ದಲಿತನ ಕಥೆಯಾದ ಈ ಕೃತಿಯ ಜೊತೆಗೆ ಓದಬೇಕಾದ ನಿರಂಜನರ 'ಚಿರಸ್ಮರಣೆ' ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟವನ್ನು ಕುರಿತದ್ದು. ಅದು 1924ರಲ್ಲಿ ಹುಟ್ಟಿದ ಲೇಖಕರದಾದ್ದರಿಂದ ದೂರ ಸರಿಯುತ್ತದೆ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಇನ್ನೂ ದೂರ. ವಸ್ತುವಿನ ಬಂಧುತ್ವವನ್ನು ಈ ಜೋಡಣೆ ಕಾಣುವುದಿಲ್ಲ. ಕೃಷಿ, ವೈದ್ಯ, ತಂತ್ರಜ್ಞಾನಗಳ ಪುಸ್ತಕಗಳಲ್ಲಿ ಅಷ್ಟು ಚೆನ್ನಾಗಿ ಮೂಡುವ ಅರೆನೆರಳು ಕನ್ನಡ ಕಾದಂಬರಿಗಳ ಕಪಾಟಿನಲ್ಲಿ ಮೂಡುವುದೇ ಇಲ್ಲ.

ಇದಕ್ಕೆ ವಿರುದ್ಧವಾಗಿ, ಯಾವ ಸೂಚಿಕಾರರೂ ಗುರುತಿಸದ ನಂಟನ್ನು ಓದುಗರ ನಡವಳಿಕೆ ತೋರಿಸಿಕೊಡಬಲ್ಲದು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ವರ್ಗೀಕರಣದಲ್ಲಿ ಕಾದಂಬರಿ ಮಾತ್ರ. ಅದನ್ನು ಮೆಚ್ಚಿದ ಓದುಗರು ಕಾಡು, ಜೀವವಿಕಾಸ, ಹಕ್ಕಿಗಳನ್ನು ಕುರಿತ ಬರಹಗಳ ಕಡೆಗೆ ಹೊರಳುವುದು ಸಹಜ. ಕಥೆಯಿಂದ ವಿಜ್ಞಾನಕ್ಕೆ ಸಾಗುವ ಈ ದಾರಿಯನ್ನು ಓದುಗರೇ ತುಳಿದು ಮಾಡಿದ್ದು. ವರ್ಗೀಕರಣದ ಗೋಡೆಯನ್ನು ದಾಟುವ ಶಕ್ತಿ ನಡವಳಿಕೆಯ ಮಾರ್ಗಕ್ಕಿದೆ ಎಂಬುದನ್ನು ಒಪ್ಪಲೇಬೇಕು. ಹೀಗಾಗಿ ಒಂದು ಮಾರ್ಗದ ಕೊರತೆಯನ್ನು ಇನ್ನೊಂದು ತುಂಬುವಂತೆ ಎರಡನ್ನೂ ಬೆಸೆಯುವುದೇ ಸರಿಯಾದ ಕ್ರಮ.

ಆದರೆ ಬೆಸೆಯುವ ಮೊದಲು ಕನ್ನಡಕ್ಕೆ ವಿಶಿಷ್ಟವಾದ ಒಂದು ಅಡಚಣೆ ಇದೆ. ಪುಸ್ತಕವನ್ನು ಕುರಿತ ಮಾಹಿತಿಯೇ ಅಸ್ತವ್ಯಸ್ತವಾಗಿದೆ. ಒಬ್ಬರೇ ಲೇಖಕರು ಕುವೆಂಪು, ಕೆ.ವಿ. ಪುಟ್ಟಪ್ಪ ಎಂಬ ಎರಡು ಹೆಸರುಗಳಲ್ಲಿ, ಬೇಂದ್ರೆ, ಅಂಬಿಕಾತನಯದತ್ತ ಎಂಬ ಎರಡು ಹೆಸರುಗಳಲ್ಲಿ ನಮೂದಾಗಿರುವುದುಂಟು. ಕನ್ನಡ ಲಿಪಿಯಲ್ಲಿ ಒಂದು ಬಗೆ, ರೋಮನ್ ಲಿಪಿಯಲ್ಲಿ ಹಲವು ಬಗೆ. 'ಚೋಮನ ದುಡಿ' ಎಂದು ಹುಡುಕಿದರೆ ಶಿವರಾಮ ಕಾರಂತರ ಕಾದಂಬರಿಯೂ ಬಿ.ವಿ. ಕಾರಂತರು ನಿರ್ದೇಶಿಸಿದ 1975ರ ಚಲನಚಿತ್ರವೂ ಕೂಡಿಕೊಂಡು ಬರುತ್ತವೆ. ಇಬ್ಬರು ಕಾರಂತರನ್ನು ಬೇರ್ಪಡಿಸುವ ನಾಮಪ್ರಮಾಣ ಪಟ್ಟಿ ಇಲ್ಲದ ಕಡೆ ಯಂತ್ರಕ್ಕೆ ಇಬ್ಬರೂ ಒಬ್ಬರೇ. ಯೂನಿಕೋಡ್ ರೂಢಿಗೆ ಬರುವ ಮೊದಲು ಹಳೆಯ ಅಕ್ಷರ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಪಠ್ಯಗಳನ್ನು ಪರಿವರ್ತಿಸದೆ ಯಂತ್ರವು ಓದಲಾರದು. ವಿಭಕ್ತಿ ಪ್ರತ್ಯಯಗಳೂ ಸಂಧಿಗಳೂ ಕೂಡಿ ಒಂದು ಮಾತಿಗೆ ಹತ್ತಾರು ರೂಪಗಳಿರುವ ಭಾಷೆಯಲ್ಲಿ ಅಕ್ಷರಶಃ ಹೋಲಿಕೆಯನ್ನು ನಂಬಿದ ಹುಡುಕಾಟ ಎಡವುತ್ತದೆ. ಇಂಗ್ಲಿಷಿಗಾಗಿ ರೂಪುಗೊಂಡ ಯಂತ್ರವನ್ನು ಎಷ್ಟೇ ಪರಿಷ್ಕರಿಸಿದರೂ ಈ ತಳಪಾಯವಿಲ್ಲದೆ ಕನ್ನಡದ ಶಿಫಾರಸು ಸುಧಾರಿಸದು.

6. ಮರೆಯುವ ಗ್ರಂಥಾಲಯ, ಮರೆಯದ ಯಂತ್ರ

ಶಿಫಾರಸು ಉತ್ತಮವಾಗಬೇಕಾದರೆ ಓದುಗರ ಬಗ್ಗೆ ಹೆಚ್ಚು ಹೆಚ್ಚು ತಿಳಿದಿರಬೇಕು ಎಂಬ ನಂಬಿಕೆ ಬಲವಾಗಿದೆ. ಇದರ ಅಪಾಯವನ್ನು ನೆಟ್‌ಫ್ಲಿಕ್ಸ್ ಸ್ಪರ್ಧೆಯೇ ತೋರಿಸಿಕೊಟ್ಟಿತು. ಹೆಸರುಗಳನ್ನು ತೆಗೆದು ಬಿಡುಗಡೆ ಮಾಡಿದ್ದ ದತ್ತಾಂಶವನ್ನು ಬೇರೊಂದು ಚಲನಚಿತ್ರ ತಾಣದ ಬಹಿರಂಗ ಅಂಕಗಳೊಂದಿಗೆ ಹೋಲಿಸಿ ಕೆಲವು ಬಳಕೆದಾರರನ್ನು ಗುರುತಿಸಬಹುದೆಂದು ನಾರಾಯಣನ್ ಮತ್ತು ಶ್ಮಾಟಿಕೋವ್ ಎಂಬ ಸಂಶೋಧಕರು 2008ರ ಪ್ರಬಂಧದಲ್ಲಿ ಸಾಬೀತುಪಡಿಸಿದರು. ಯೋಜಿಸಿದ್ದ ಎರಡನೆಯ ಸ್ಪರ್ಧೆಯನ್ನು ಸಂಸ್ಥೆಯು 2010ರಲ್ಲಿ ಕೈಬಿಟ್ಟಿತು.

ಗ್ರಂಥಾಲಯಗಳ ಹಳೆಯ ವಿಧಾನವೊಂದು ಇಲ್ಲಿ ಬೇರೆಯ ಪಾಠವನ್ನು ಕಲಿಸುತ್ತದೆ. ಭಾರತದ ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದ್ದ ಬ್ರೌನ್ ಎರವಲು ಪದ್ಧತಿಯಲ್ಲಿ ಸದಸ್ಯರ ಟಿಕೇಟಿನೊಳಗೆ ಪುಸ್ತಕದ ಕಾರ್ಡನ್ನು ಸೇರಿಸಿ ತಟ್ಟೆಯಲ್ಲಿ ಇಡಲಾಗುತ್ತಿತ್ತು. ಪುಸ್ತಕ ಹಿಂದಿರುಗಿದಾಗ ಕಾರ್ಡು ಪುಸ್ತಕಕ್ಕೆ, ಟಿಕೇಟು ಸದಸ್ಯರಿಗೆ ಮರಳುತ್ತಿತ್ತು. ಯಾರು ಯಾವುದನ್ನು ಓದಿದರೆಂಬ ದಾಖಲೆ ಆ ಕ್ಷಣದಲ್ಲಿಯೇ ಅಳಿದುಹೋಗುತ್ತಿತ್ತು. ಆದರೆ ಪುಸ್ತಕದ ಒಳಪುಟಕ್ಕೆ ಅಂಟಿಸಿದ ತಾರೀಖಿನ ಚೀಟಿಯಲ್ಲಿ ಮುದ್ರೆಗಳು ಉಳಿಯುತ್ತಿದ್ದವು. ಈ ಪುಸ್ತಕವನ್ನು ಜನ ಓದುತ್ತಾರೆ, ಇಷ್ಟು ಸಲ ಓದಿದ್ದಾರೆ, ಇತ್ತೀಚೆಗೂ ಓದಿದ್ದಾರೆ ಎಂಬುದು ಮುಂದಿನ ಓದುಗರಿಗೆ ತಿಳಿಯುತ್ತಿತ್ತು. ಓದಿದವರು ಯಾರೆಂಬುದು ತಿಳಿಯುತ್ತಿರಲಿಲ್ಲ. ವ್ಯಕ್ತಿಯನ್ನು ಮರೆತು ಬಳಕೆಯನ್ನು ನೆನಪಿಡುವ ಈ ವ್ಯವಸ್ಥೆಯೂ ಒಂದು ಬಗೆಯ ಶಿಫಾರಸೇ. ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ದತ್ತಾಂಶದ ಬಳಕೆಗೆ ಒಪ್ಪಿಗೆಯ ಚೌಕಟ್ಟನ್ನು ಹಾಕಿದೆ. ಆದರೆ ಒಪ್ಪಿಗೆ ಪಡೆದು ಎಲ್ಲವನ್ನೂ ನೆನಪಿಡುವುದಕ್ಕಿಂತ ಅಗತ್ಯವಿಲ್ಲದ್ದನ್ನು ನೆನಪಿಡದಿರುವುದು ಓದುಗರಿಗೆ ಹೆಚ್ಚಿನ ರಕ್ಷಣೆ.

7. ಸುಧಾರಣೆಯ ದಿಕ್ಕು

ಮೇಲಿನ ವಿವೇಚನೆಯಿಂದ ಕನ್ನಡ ಓದುಗರಿಗೆ ಸಲ್ಲುವ ಶಿಫಾರಸು ವ್ಯವಸ್ಥೆಯ ಕೆಲವು ಲಕ್ಷಣಗಳನ್ನು ಗುರುತಿಸಬಹುದು.

ಮೊದಲನೆಯದಾಗಿ, ಸಾಹಿತ್ಯ ಕೃತಿಗಳಿಗೆ ವಸ್ತುವಿನ ಮುಖಗಳನ್ನು ಸೇರಿಸಬೇಕು. ಕಥೆ ನಡೆಯುವ ಸೀಮೆ, ಕಾಲ, ಜನವರ್ಗ, ವೃತ್ತಿ, ಪ್ರಧಾನ ಸಮಸ್ಯೆ, ಆಡುನುಡಿ ಇವುಗಳನ್ನು ದಾಖಲಿಸಿದರೆ 'ಚೋಮನ ದುಡಿ'ಯ ಅರೆನೆರಳಿನಲ್ಲಿ 'ಚಿರಸ್ಮರಣೆ' ತಾನಾಗಿ ಬಂದು ನಿಲ್ಲುತ್ತದೆ. ಮಾರಾಟದ ಒಂದು ದಾಖಲೆಯೂ ಇಲ್ಲದ ಹೊಸ ಪುಸ್ತಕಕ್ಕೂ ಮೊದಲ ದಿನದಿಂದಲೇ ನೆರೆಹೊರೆ ದೊರೆಯುತ್ತದೆ. ಲೇಖಕರ ನಾಮಪ್ರಮಾಣ ಪಟ್ಟಿ ಇದರ ಮೊದಲ ಮೆಟ್ಟಿಲು. ಇದು ಒಂದು ವಾಣಿಜ್ಯ ಸಂಸ್ಥೆ ಲಾಭಕ್ಕಾಗಿ ಮಾಡುವ ಕೆಲಸವಲ್ಲ. ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ಗ್ರಂಥಾಲಯ ಇಲಾಖೆ ಕೂಡಿ ಮಾಡಬೇಕಾದದ್ದು. ಮೈಸೂರು ರಸ್ತೆಯ ಆಸುಪಾಸಿನಲ್ಲಿಯೇ ಡಿ.ಆರ್.ಟಿ.ಸಿ. ಮತ್ತು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಇರುವುದರಿಂದ ಗ್ರಂಥಾಲಯ ವಿಜ್ಞಾನ ಮತ್ತು ಕನ್ನಡ ಅಧ್ಯಯನಗಳು ಕೈಜೋಡಿಸಲು ಭೌಗೋಳಿಕ ಅಡ್ಡಿಯೂ ಇಲ್ಲ.

ಎರಡನೆಯದಾಗಿ, ತೋರಿಸುವ ಪಟ್ಟಿಯಲ್ಲಿ ಕೆಲವು ಸ್ಥಾನಗಳನ್ನು ಇದುವರೆಗೆ ಕಾಣಿಸದ ಪುಸ್ತಕಗಳಿಗೆ ಮೀಸಲಿಡಬೇಕು. ಗೊತ್ತಿರುವುದನ್ನು ಬಳಸುವುದು ಮತ್ತು ಗೊತ್ತಿಲ್ಲದ್ದನ್ನು ಪರೀಕ್ಷಿಸುವುದು ಇವುಗಳ ನಡುವಣ ಸಮತೋಲ ಗಣಕ ವಿಜ್ಞಾನಕ್ಕೆ ಹೊಸದಲ್ಲ. ಸಂಗ್ರಹದ ಎಷ್ಟು ಪುಸ್ತಕಗಳು ಒಂದು ವರ್ಷದಲ್ಲಿ ಒಮ್ಮೆಯಾದರೂ ಯಾರ ಕಣ್ಣಿಗಾದರೂ ಬಿದ್ದವು ಎಂಬ ಎಣಿಕೆ ನಿಖರತೆಯಷ್ಟೇ ಮುಖ್ಯವಾದ ಅಳತೆಯಾಗಬೇಕು. ಮೂರನೆಯ ಸೂತ್ರಕ್ಕೆ ಇದೇ ಅಂಕಿಯ ರೂಪ.

ಮೂರನೆಯದಾಗಿ, ಯಂತ್ರವು ಓದುಗರನ್ನು ಕೇಳಬೇಕು. ಪರೀಕ್ಷೆಗಾಗಿಯೋ, ಮಗುವಿಗಾಗಿಯೋ, ಬಿಡುವಿನ ಓದಿಗಾಗಿಯೋ ಎಂಬ ಒಂದು ಪ್ರಶ್ನೆ ನೂರು ಊಹೆಗಳನ್ನು ತಪ್ಪಿಸುತ್ತದೆ. ಶಿಫಾರಸಿನ ಕಾರಣವನ್ನು ತಿಳಿಗನ್ನಡದಲ್ಲಿ ಹೇಳಬೇಕು. ಆ ಕಾರಣವನ್ನು ತಿರಸ್ಕರಿಸುವ ಅವಕಾಶ ಓದುಗರಿಗಿರಬೇಕು. ಭಾರತದ 2020ರ ಇ-ವಾಣಿಜ್ಯ ನಿಯಮಗಳು ಮಾರುಕಟ್ಟೆ ತಾಣಗಳು ಸರಕುಗಳ ಶ್ರೇಣಿಯನ್ನು ನಿರ್ಧರಿಸುವ ಮುಖ್ಯ ಅಂಶಗಳನ್ನು ವಿವರಿಸಬೇಕೆನ್ನುತ್ತವೆ. ಯುರೋಪಿನ ಒಕ್ಕೂಟದ 2022ರ ಡಿಜಿಟಲ್ ಸೇವೆಗಳ ಕಾಯಿದೆಯು ಅತಿ ದೊಡ್ಡ ತಾಣಗಳು ವ್ಯಕ್ತಿಯ ವಿವರಗಳನ್ನು ಆಧರಿಸದ ಒಂದು ಆಯ್ಕೆಯನ್ನಾದರೂ ಕೊಡಬೇಕೆಂದು ವಿಧಿಸಿದೆ. ಕಾನೂನಿನ ಈ ಕನಿಷ್ಠ ಮಟ್ಟವನ್ನು ಸಾರ್ವಜನಿಕ ಸಂಸ್ಥೆಗಳು ಮೀರಿ ನಡೆಯಬೇಕು.

ನಾಲ್ಕನೆಯದಾಗಿ, ಇಂತಹ ಪ್ರಯೋಗಕ್ಕೆ ಸೂಕ್ತ ಸ್ಥಳ ಸಾರ್ವಜನಿಕ ಗ್ರಂಥಾಲಯ. 1965ರ ಗ್ರಂಥಾಲಯ ಅಧಿನಿಯಮದಿಂದ ರೂಪುಗೊಂಡ ವ್ಯವಸ್ಥೆ ರಾಜ್ಯದಲ್ಲಿದೆ. ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ಜನರೇ ಕೊಡುತ್ತಾರೆ. 2020ರಲ್ಲಿ ರಾಜ್ಯ ಸರ್ಕಾರವು ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನೂ ಆರಂಭಿಸಿತು. ಓದುಗರನ್ನು ಹಿಡಿದಿಡುವುದರಿಂದ ಗ್ರಂಥಾಲಯಕ್ಕೆ ಯಾವ ಲಾಭವೂ ಇಲ್ಲದಿರುವುದೇ ಅದರ ದೊಡ್ಡ ಅರ್ಹತೆ.

ಶಿಫಾರಸು ವ್ಯವಸ್ಥೆಯ ಸುಧಾರಣೆಯನ್ನು ತಂತ್ರಜ್ಞರಿಗೆ ಮಾತ್ರ ಬಿಡುವುದು ಸಾಹಿತ್ಯ ವಿಮರ್ಶೆಯ ದೃಷ್ಟಿಯಿಂದ ದುಬಾರಿಯಾದ ಉದಾಸೀನ. ಯಾವ ಪುಸ್ತಕದ ಪಕ್ಕದಲ್ಲಿ ಯಾವ ಪುಸ್ತಕ ನಿಲ್ಲಬೇಕೆಂಬುದು ಮೂಲತಃ ವಿಮರ್ಶೆಯ ಪ್ರಶ್ನೆ. ಪರಂಪರೆ, ಪ್ರಭಾವ, ಸಾದೃಶ್ಯಗಳ ಬಗ್ಗೆ ಕನ್ನಡ ವಿಮರ್ಶೆ ಗಳಿಸಿದ ತಿಳಿವಳಿಕೆ ಯಂತ್ರಕ್ಕೆ ತಲುಪುವ ರೂಪದಲ್ಲಿ ದಾಖಲಾಗದಿದ್ದರೆ, ಆ ಸ್ಥಾನವನ್ನು ಒಟ್ಟಿಗೆ ಮಾರಾಟವಾದ ವಸ್ತುಗಳ ಲೆಕ್ಕ ತುಂಬುತ್ತದೆ. ಸಾವಿರ ಪ್ರತಿಗಳಲ್ಲಿ ಅಚ್ಚಾಗಿ ಮರುಮುದ್ರಣ ಕಾಣದೆ ಹೋದ ಕೃತಿಯೊಂದು ಮುಂದಿನ ತಲೆಮಾರಿನ ಓದುಗರಿಗೆ ಸಿಗುವುದೋ ಇಲ್ಲವೋ ಎಂಬುದು ಇನ್ನು ಮುಂದೆ ಹೆಚ್ಚು ಹೆಚ್ಚಾಗಿ ಈ ದಾಖಲೆಯನ್ನೇ ಅವಲಂಬಿಸಿರುತ್ತದೆ.